ಕಡಲಾಳದ ತಣ್ಣೀರನ್ನು ಎಲ್ಲಿಗೆ ಬಿಡುವುದು?

ಸಮುದ್ರದ ಬಿಸಿಯಿಂದ ಕರೆಂಟು ತೆಗೆಯುವ ಸುದ್ದಿ ಎರಡು ಬಗೆಯಲ್ಲಿ ಬರುತ್ತದೆ. ಒಂದರ ಪ್ರಕಾರ ಇದು ಹಗಲೂ ರಾತ್ರಿ ನಿಲ್ಲದೆ ಸಿಗುವ ಶುದ್ಧ ವಿದ್ಯುತ್ತು. ಹೊಗೆ ಇಲ್ಲ, ಇಂಧನದ ಖರ್ಚಿಲ್ಲ, ಮುಗಿಯುವ ಭಯವಿಲ್ಲ. ಇನ್ನೊಂದರ ಪ್ರಕಾರ ಇದು ಕಡಲಿನ ಪದರಗಳನ್ನು ಕದಡುತ್ತದೆ, ದೊಡ್ಡದಾಗಿ ಮಾಡಿದರೆ ಭೂಮಿ ಇನ್ನಷ್ಟು ಬಿಸಿಯಾಗಬಹುದು. ಎರಡರ ಹಿಂದೆಯೂ ವಿಜ್ಞಾನಿಗಳ ಲೆಕ್ಕವಿದೆ. ಓದುವವರು ಯಾವುದನ್ನು ನಂಬಬೇಕು?

2023 ಮತ್ತು 2024ರಲ್ಲಿ ಸಮುದ್ರದ ಮೇಲ್ಮೈ ತಾಪಮಾನ ಹಳೆಯ ದಾಖಲೆಗಳನ್ನೆಲ್ಲ ಮುರಿಯಿತು. ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದಲ್ಲಿ ಶೇ 90ಕ್ಕೂ ಜಾಸ್ತಿ ಸೇರಿರುವುದು ಕಡಲಿಗೇ. "ಇಷ್ಟೊಂದು ಬಿಸಿ ಸುಮ್ನೆ ಬಿದ್ದಿದೆಯಲ್ಲ, ಅದನ್ನೇ ಬಳಸಿಕೊಂಡರೆ ಆಯಿತಲ್ವಾ?" ಎಂಬ ಪ್ರಶ್ನೆ ಆಗಿನಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ಲಕ್ಷದ್ವೀಪದ ಕವರತ್ತಿಯಲ್ಲಿ ಇದೇ ವಿಧಾನದ ವಿದ್ಯುತ್ತಿನಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಯೋಜನೆ, ಕೆನರಿ ದ್ವೀಪಗಳ ಬಳಿ ಯುರೋಪಿನ ತೇಲುವ ಪ್ರಯೋಗ, ದಕ್ಷಿಣ ಚೀನಾ ಸಮುದ್ರದಲ್ಲಿ 2023ರಲ್ಲಿ ಚೀನಾ ನಡೆಸಿದ 20 ಕಿಲೋವ್ಯಾಟಿನ ಪರೀಕ್ಷೆ, ಹೀಗೆ ಸುದ್ದಿಗಳೂ ಬರುತ್ತಲೇ ಇವೆ.

ಗೊಂದಲಕ್ಕೆ ಕಾರಣ ಸರಳ. ಹೊಗಳುವ ಸುದ್ದಿ ಒಂದು ಸ್ಥಾವರದ ಬಗ್ಗೆ ಮಾತಾಡುತ್ತದೆ, ಹೆದರಿಸುವ ಸುದ್ದಿ ಸಾವಿರಾರು ಸ್ಥಾವರಗಳ ಬಗ್ಗೆ. ಎರಡರಲ್ಲೂ ಮರೆಯಾಗುವ ಸಂಗತಿ ಒಂದಿದೆ. ಈ ತಂತ್ರಜ್ಞಾನದ ಖರ್ಚು, ಸೋಲು, ಪರಿಸರದ ಮೇಲಿನ ಪರಿಣಾಮ, ಎಲ್ಲವನ್ನೂ ಕೊನೆಗೆ ತೀರ್ಮಾನಿಸುವುದು ಅದು ಎತ್ತಿ ಹರಿಸಬೇಕಾದ ನೀರಿನ ಪ್ರಮಾಣ.

ಬಿಸಿಯೊಂದೇ ಸಾಲದು

ನೀರು ಎಷ್ಟೇ ಇದ್ದರೂ ಇಳಿಜಾರಿಲ್ಲದೆ ಹರಿಯುವುದಿಲ್ಲ. ಶಾಖವೂ ಹಾಗೆಯೇ. ಅದರಿಂದ ಕೆಲಸ ತೆಗೆಯಬೇಕೆಂದರೆ ಪಕ್ಕದಲ್ಲಿ ತಣ್ಣಗಿನ ಜಾಗವೊಂದು ಬೇಕು. ಬರೀ ಬಿಸಿ ಕಡಲು ಯಾರ ಮನೆಯ ದೀಪವನ್ನೂ ಹಚ್ಚುವುದಿಲ್ಲ.

ಭೂಮಧ್ಯರೇಖೆಯ ಆಸುಪಾಸಿನ ಕಡಲಿನಲ್ಲಿ ಈ ಎರಡೂ ಒಂದರ ಕೆಳಗೊಂದು ಇವೆ. ಮೇಲಿನ ನೀರು ವರ್ಷಪೂರ್ತಿ 25 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುತ್ತದೆ. ಸುಮಾರು 1,000 ಮೀಟರ್ ಕೆಳಗೆ ಇಳಿದರೆ 4ರಿಂದ 5 ಡಿಗ್ರಿ. ಬಿಸಿಲು ಕಾಯಿಸುವುದು ಮೇಲಿನ ಪದರವನ್ನು ಮಾತ್ರ. ಕೆಳಗಿನದು ಧ್ರುವಗಳ ಬಳಿ ತಣ್ಣಗಾಗಿ, ಭಾರವಾಗಿ, ಮುಳುಗಿ, ನೂರಾರು ವರ್ಷಗಳ ಕಾಲ ಆಳದಲ್ಲೇ ತೆವಳಿಕೊಂಡು ಬಂದ ನೀರು. ಈ "ನೂರಾರು ವರ್ಷ" ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ವ್ಯತ್ಯಾಸದಿಂದ ವಿದ್ಯುತ್ ಮಾಡುವ ವಿಧಾನದ ಪೂರ್ತಿ ಹೆಸರು ಓಷನ್ ಥರ್ಮಲ್ ಎನರ್ಜಿ ಕನ್ವರ್ಷನ್. ಚಿಕ್ಕದಾಗಿ ಓಟೆಕ್. ಹೆಚ್ಚು ಬಳಕೆಯಲ್ಲಿರುವ ಮಾದರಿಯಲ್ಲಿ ಅಮೋನಿಯಾದಂಥ, ಕಡಿಮೆ ಬಿಸಿಗೇ ಕುದಿಯುವ ದ್ರವವೊಂದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಮೇಲಿನ ಬೆಚ್ಚನೆಯ ನೀರು ಅದನ್ನು ಕುದಿಸುತ್ತದೆ, ಆವಿ ಟರ್ಬೈನನ್ನು ತಿರುಗಿಸುತ್ತದೆ, ಆಳದ ತಣ್ಣೀರು ಅದನ್ನು ಮತ್ತೆ ದ್ರವವಾಗಿಸುತ್ತದೆ. ಫ್ರಿಜ್ಜನ್ನು ಹಿಂದುಮುಂದಾಗಿ ಓಡಿಸಿದ ಹಾಗೆ. ಇನ್ನೊಂದು ಮಾದರಿಯಲ್ಲಿ ಅಮೋನಿಯಾ ಇರುವುದಿಲ್ಲ. ಗಾಳಿ ತೆಗೆದ ಕೋಣೆಯಲ್ಲಿ ಸಮುದ್ರದ ನೀರೇ ಕುದಿಯುತ್ತದೆ. ಅದರ ಆವಿ ಟರ್ಬೈನ್ ದಾಟಿ ತಣ್ಣಗಾದಾಗ ಉಪ್ಪಿಲ್ಲದ ನೀರೂ ಸಿಗುತ್ತದೆ.

ಕೆಲಸ ನಡೆಯಬೇಕೆಂದರೆ ಮೇಲಕ್ಕೂ ಕೆಳಕ್ಕೂ ಸುಮಾರು 20 ಡಿಗ್ರಿ ಅಂತರ ಇರಬೇಕು. ಹಾಗಾಗಿ ಉಷ್ಣವಲಯದ ಆಚೆ ಇದಕ್ಕೆ ಹೆಚ್ಚು ಜಾಗವಿಲ್ಲ. ಉಷ್ಣವಲಯದಲ್ಲೂ ಎಲ್ಲ ಕರಾವಳಿಗೂ ಹೊಂದುವುದಿಲ್ಲ. ದಡದಿಂದ ಹತ್ತಾರು ಕಿಲೋಮೀಟರ್‌ವರೆಗೆ ಆಳವೇ ಇಲ್ಲದ ಕಡಲಿದ್ದರೆ ಪೈಪು ಅಷ್ಟು ದೂರ ಹೋಗಬೇಕು. ದಡ ದಾಟಿದ ಕೂಡಲೇ ಸಮುದ್ರ ಧುಮುಕುವಂಥ ದ್ವೀಪಗಳೇ ಇದಕ್ಕೆ ಸರಿ. ಹವಾಯಿ, ಮಾರ್ಟಿನಿಕ್‌ನಂಥ ಹೆಸರುಗಳು ಈ ವಿಷಯದಲ್ಲಿ ಪದೇ ಪದೇ ಬರುವುದು ಅದಕ್ಕೇ.

ನೂರು ಪಾಲು ಶಾಖ, ಮೂರು ಪಾಲು ಕರೆಂಟು

ಕಲ್ಲಿದ್ದಲಿನ ಸ್ಥಾವರದಲ್ಲಿ ಹಬೆ 500 ಡಿಗ್ರಿಗೂ ಮೇಲಿರುತ್ತದೆ. ಅದು ತನಗೆ ಸಿಕ್ಕ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು ವಿದ್ಯುತ್ತಾಗಿ ಮಾಡಬಲ್ಲದು. ಇಲ್ಲಿ ಬಿಸಿ ಎಂದರೆ 26 ಡಿಗ್ರಿ, ತಣ್ಣಗೆ ಎಂದರೆ 5 ಡಿಗ್ರಿ. ಎಂಥ ಜಾಣ ಎಂಜಿನಿಯರ್ ಬಂದರೂ ಈ ಅಂತರದಿಂದ ತೆಗೆಯಬಹುದಾದದ್ದು ಶೇ 7ರಷ್ಟು. ಅದು ಭೌತಶಾಸ್ತ್ರ ಹಾಕಿದ ಗೆರೆ. ನಿಜವಾದ ಯಂತ್ರಗಳಲ್ಲಿ ಕೈಗೆ ಬರುವುದು ಶೇ 3ರ ಹತ್ತಿರ.

ಇಂಧನ ಪುಕ್ಕಟೆ ತಾನೇ, ಶೇ 3 ಆದರೇನು ಎನ್ನಬಹುದು. ಆ ಮಾತು ಅರ್ಧ ಸರಿ. ಪುಕ್ಕಟೆಯಾದರೂ ಅದನ್ನು ಹೊತ್ತು ತರಬೇಕಲ್ಲ.

ಲೆಕ್ಕ ಹೀಗಿದೆ. ಬೆಚ್ಚನೆಯ ನೀರು ಸ್ಥಾವರದ ಮೂಲಕ ಹಾದುಹೋಗುವಾಗ ಸುಮಾರು 3 ಡಿಗ್ರಿ ತಣ್ಣಗಾಗುತ್ತದೆ. ಒಂದು ಘನ ಮೀಟರ್ ನೀರು, ಅಂದರೆ 1,000 ಲೀಟರ್, 3 ಡಿಗ್ರಿ ಇಳಿದಾಗ ಬಿಡುವ ಶಾಖ ಸುಮಾರು 12 ಮೆಗಾಜೂಲ್. ಅದರಲ್ಲಿ ಶೇ 3 ಎಂದರೆ 0.36 ಮೆಗಾಜೂಲ್. (ಸೆಕೆಂಡಿಗೆ 1 ಮೆಗಾಜೂಲ್ ಎಂದರೆ 1 ಮೆಗಾವ್ಯಾಟ್.) ಇದರಲ್ಲೂ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಸ್ಥಾವರದ ಪಂಪುಗಳೇ ತಿನ್ನುತ್ತವೆ. ಉಳಿದದ್ದು ಹೊರಗಿನವರಿಗೆ. ಹೀಗೆ 1 ಮೆಗಾವ್ಯಾಟ್ ವಿದ್ಯುತ್ತನ್ನು ಹೊರಗೆ ಕೊಡಬೇಕಾದರೆ ಸೆಕೆಂಡಿಗೆ ಸುಮಾರು 4,000 ಲೀಟರ್ ಬೆಚ್ಚನೆಯ ನೀರು ಬೇಕು. ಜೊತೆಗೆ 2,000ದಿಂದ 3,000 ಲೀಟರ್ ತಣ್ಣೀರು. 100 ಮೆಗಾವ್ಯಾಟಿನ ಸ್ಥಾವರವಾದರೆ ಎರಡೂ ಸೇರಿ ಸೆಕೆಂಡಿಗೆ ಆರೇಳು ಲಕ್ಷ ಲೀಟರ್. ಒಲಿಂಪಿಕ್ ಈಜುಕೊಳವೊಂದು ನಾಲ್ಕು ಸೆಕೆಂಡಿನಲ್ಲಿ ತುಂಬುತ್ತದೆ. 100 ಮೆಗಾವ್ಯಾಟ್ ಎಂದರೆ ವಿದ್ಯುತ್ ಲೋಕದಲ್ಲಿ ಅಂಥ ದೊಡ್ಡ ಅಂಕಿಯೇನೂ ಅಲ್ಲ. ಆದರೆ ಹರಿಯುವ ನೀರು ಒಂದು ಹೊಳೆಯಷ್ಟು.

ಇಲ್ಲಿ ಒಂದು ಅನುಮಾನ ಬರುತ್ತದೆ. ಒಂದು ಕಿಲೋಮೀಟರ್ ಕೆಳಗಿನಿಂದ ನೀರೆತ್ತಲು ತಯಾರಾದ ವಿದ್ಯುತ್ತೆಲ್ಲ ಖರ್ಚಾಗುವುದಿಲ್ಲವೇ? ಇಲ್ಲ. ಪೈಪು ನೀರಿನಲ್ಲೇ ಮುಳುಗಿರುತ್ತದೆ, ಹೊರಗಿನ ಒತ್ತಡವೇ ಒಳಗಿನ ನೀರನ್ನು ಬಹುತೇಕ ಮೇಲ್ಮೈವರೆಗೆ ತಂದು ನಿಲ್ಲಿಸುತ್ತದೆ. ಪಂಪು ಮಾಡಬೇಕಾದದ್ದು ಪೈಪಿನ ಗೋಡೆಯ ಉಜ್ಜುವಿಕೆಯನ್ನು ಮೀರುವ ಕೆಲಸ ಮತ್ತು ತಣ್ಣೀರು ತುಸು ಭಾರವಾಗಿರುವುದನ್ನು ಸರಿದೂಗಿಸುವ ಕೆಲಸ. ಪೈಪು ಕಿರಿದಾದಷ್ಟೂ ಈ ಉಜ್ಜುವಿಕೆ ಜಾಸ್ತಿ. ಅದಕ್ಕೇ ದೊಡ್ಡ ಸ್ಥಾವರದ ನಕ್ಷೆಗಳಲ್ಲಿ 10 ಮೀಟರ್ ಅಗಲದ ಪೈಪು ಕಾಣುವುದು. ಮೂರಂತಸ್ತಿನ ಕಟ್ಟಡದಷ್ಟು ಅಗಲ, ಒಂದು ಕಿಲೋಮೀಟರ್ ಉದ್ದ, ಅಲೆಗಳ ನಡುವೆ ತೂಗುತ್ತಾ ನಿಲ್ಲಬೇಕು.

ಪೈಪಿನ ಜೊತೆ ನೂರು ವರ್ಷದ ಗುದ್ದಾಟ

ಕಲ್ಪನೆ ಹೊಸದಲ್ಲ. ಫ್ರಾನ್ಸಿನ ವಿಜ್ಞಾನಿ ದಾರ್ಸೊನ್ವಾಲ್ 1881ರಲ್ಲೇ ಇದನ್ನು ಮುಂದಿಟ್ಟಿದ್ದರು. ಅವರ ಶಿಷ್ಯ, ನಿಯಾನ್ ದೀಪಗಳಿಗೆ ಹೆಸರಾದ ಜಾರ್ಜ್ ಕ್ಲೋದ್, 1930ರಲ್ಲಿ ಕ್ಯೂಬಾದ ಮಟಾಂಜಾಸ್‌ನಲ್ಲಿ ಸ್ಥಾವರ ಕಟ್ಟಿ 22 ಕಿಲೋವ್ಯಾಟ್ ತೆಗೆದರು. ಪಂಪುಗಳು ಅದಕ್ಕಿಂತ ಹೆಚ್ಚು ತಿಂದವು. ಮೂಗಿಗಿಂತ ಮೂಗುತಿ ಭಾರ! ಕೊನೆಗೆ ಬಿರುಗಾಳಿ ಪೈಪನ್ನೇ ಹಾಳುಮಾಡಿತು. 1935ರಲ್ಲಿ ಬ್ರೆಜಿಲ್ ಕರಾವಳಿಯಾಚೆ ಹಡಗೊಂದರ ಮೇಲೆ ಮತ್ತೆ ಪ್ರಯತ್ನಿಸಿದರು. ಅಲೆಗಳು ಅದನ್ನೂ ಬಿಡಲಿಲ್ಲ.

ತಾನು ತಿನ್ನುವುದಕ್ಕಿಂತ ಹೆಚ್ಚು ವಿದ್ಯುತ್ ಕೊಟ್ಟ ಮೊದಲ ಸಾಧನ ಬಂದದ್ದು 1979ರಲ್ಲಿ. ಹವಾಯಿಯ ಕೆಯಾಹೋಲೆ ಬಳಿ ಬಾರ್ಜ್ (ಚಪ್ಪಟೆ ತಳದ ದೋಣಿ) ಮೇಲೆ ನಡೆದ ಈ ಪ್ರಯೋಗದಲ್ಲಿ ಸುಮಾರು 50 ಕಿಲೋವ್ಯಾಟ್ ತಯಾರಾಗಿ, 15ರಷ್ಟು ಉಳಿಯಿತು. 1981ರಲ್ಲಿ ಜಪಾನಿನವರು ನೌರು ದ್ವೀಪದಲ್ಲಿ ಕಟ್ಟಿದ ಸ್ಥಾವರ ಸುಮಾರು 120 ಕಿಲೋವ್ಯಾಟ್ ಮಾಡಿ, 90ರಷ್ಟನ್ನು ತಾನೇ ಬಳಸಿಕೊಂಡು, ಉಳಿದದ್ದನ್ನು ಶಾಲೆಯೊಂದಕ್ಕೆ ಕೊಟ್ಟಿತು. 1990ರ ದಶಕದಲ್ಲಿ ಹವಾಯಿಯಲ್ಲೇ ಸಮುದ್ರದ ನೀರನ್ನೇ ಕುದಿಸುವ ಮಾದರಿ ಹಲವು ವರ್ಷ ಓಡಿತು. ಅದು 100 ಕಿಲೋವ್ಯಾಟಿನಷ್ಟು ಉಳಿಸಿ ತೋರಿಸಿತು.

ಭಾರತದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2000ದ ದಶಕದ ಆರಂಭದಲ್ಲಿ ತಮಿಳುನಾಡಿನ ತೂತ್ತುಕುಡಿಯಾಚೆ 1 ಮೆಗಾವ್ಯಾಟಿನ ತೇಲುವ ಸ್ಥಾವರಕ್ಕೆ ಕೈ ಹಾಕಿತು. ಬಾರ್ಜ್ ಸಿದ್ಧವಾಗಿತ್ತು, ಟರ್ಬೈನ್ ಸಿದ್ಧವಾಗಿತ್ತು. ಒಂದು ಕಿಲೋಮೀಟರ್ ಉದ್ದದ ತಣ್ಣೀರಿನ ಪೈಪನ್ನು ಕಡಲಿಗೆ ಇಳಿಸುವಾಗ ಕೆಲಸ ಕೆಟ್ಟಿತು. ಆದರೆ ಆ ಕಲಿಕೆ ಪೂರ್ತಿ ನೀರುಪಾಲಾಗಲಿಲ್ಲ. ಅದೇ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ, ಇಷ್ಟು ಆಳಕ್ಕೆ ಹೋಗದೆ 350 ಮೀಟರ್ ಆಸುಪಾಸಿನ ತಣ್ಣೀರನ್ನು ಬಳಸಿ, ದಿನಕ್ಕೆ 1 ಲಕ್ಷ ಲೀಟರ್ ಕುಡಿಯುವ ನೀರು ಮಾಡುವ ಘಟಕ ನಿಲ್ಲಿಸಿತು. ಅದಕ್ಕೆ ಬೇಕಾದ ವಿದ್ಯುತ್ತು ಮಾತ್ರ ಹೊರಗಿನಿಂದ ಬರಬೇಕಿತ್ತು. ಆ ವಿದ್ಯುತ್ತೂ ಕಡಲಿನಿಂದಲೇ ಬರಲಿ ಎಂಬುದೇ ಈಗಿನ ಕವರತ್ತಿ ಯೋಜನೆಯ ಉದ್ದೇಶ.

ಇತ್ತೀಚಿನ ಅಂಕಿಗಳೂ ದೊಡ್ಡವೇನಲ್ಲ. ಜಪಾನಿನ ಕುಮೆಜಿಮಾ ದ್ವೀಪದಲ್ಲಿ 2013ರಿಂದ 100 ಕಿಲೋವ್ಯಾಟ್ ದರ್ಜೆಯ ಪ್ರಯೋಗ. ಹವಾಯಿಯಲ್ಲಿ 2015ರಲ್ಲಿ 105 ಕಿಲೋವ್ಯಾಟಿನ ಘಟಕ ಗ್ರಿಡ್‌ಗೆ ಸೇರಿತು. ದಕ್ಷಿಣ ಕೊರಿಯಾ 1 ಮೆಗಾವ್ಯಾಟಿಗೆಂದು ಮಾಡಿದ ಯಂತ್ರವನ್ನು 2019ರಲ್ಲಿ ತನ್ನ ಕಡಲಿನಲ್ಲೇ ಪರೀಕ್ಷಿಸಿದಾಗ 338 ಕಿಲೋವ್ಯಾಟ್ ಸಿಕ್ಕಿತು. ಆಗ ಅಲ್ಲಿದ್ದ ಅಂತರ 18.7 ಡಿಗ್ರಿ ಮಾತ್ರ. ಒಂದೆರಡು ಡಿಗ್ರಿ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಯಾಕೆ ಯಾರೂ ದೊಡ್ಡದು ಕಟ್ಟುತ್ತಿಲ್ಲ?

ಸೌರ ಫಲಕವನ್ನು ಒಂದೊಂದಾಗಿ ಹಾಕುತ್ತಾ ಹೋಗಬಹುದು. ಹತ್ತು ಹಾಕಿದರೆ ಹತ್ತರ ಕರೆಂಟು. ಕಾರ್ಖಾನೆಯಲ್ಲಿ ಕೋಟಿಗಟ್ಟಲೆ ತಯಾರಾದಂತೆ ಅದರ ಬೆಲೆ ಬಿತ್ತು. ಓಟೆಕ್‌ಗೆ ಈ ದಾರಿ ಇಲ್ಲ. ಸಣ್ಣ ಸ್ಥಾವರಕ್ಕೂ ಒಂದು ಕಿಲೋಮೀಟರ್ ಪೈಪು ಬೇಕೇ ಬೇಕು, ಆಳವನ್ನು ಕಡಿಮೆ ಮಾಡಲು ಆಗುವುದಿಲ್ಲ. ಹಾಗಾಗಿ ಚಿಕ್ಕದಾದಷ್ಟೂ ಒಂದೊಂದು ಯೂನಿಟ್ ದುಬಾರಿ. ದೊಡ್ಡದು ಕಟ್ಟಿದರೆ ಲೆಕ್ಕ ಸರಿಹೋಗಬಹುದು. ಆದರೆ ಸಾಲ ಕೊಡುವವರು ಕೇಳುವುದು, "ಇಂಥದ್ದು ಬೇರೆಲ್ಲಾದರೂ ಹತ್ತು ವರ್ಷ ಓಡಿದೆಯೇ?" ಎಂದು. ಓಡಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಮಾರ್ಟಿನಿಕ್‌ನಲ್ಲಿ ಸುಮಾರು 10 ಮೆಗಾವ್ಯಾಟ್ ಹೊರಗೆ ಕೊಡುವ ಯೋಜನೆಗೆ ಯುರೋಪಿಯನ್ ಒಕ್ಕೂಟದ ನೆರವೂ ಘೋಷಣೆಯಾಗಿತ್ತು. 2018ರಲ್ಲಿ ಅದು ನಿಂತಿತು. ಚೀನಾದ ಹೈನಾನ್‌ಗೆಂದು 2013ರಲ್ಲಿ ಘೋಷಣೆಯಾದ 10 ಮೆಗಾವ್ಯಾಟಿನ ಯೋಜನೆಯೂ ಕಾಗದ ಬಿಟ್ಟು ಮೇಲೇಳಲಿಲ್ಲ.

ಪರವಾಗಿ ಮಾತಾಡುವವರ ವಾದವೂ ಹಗುರವಲ್ಲ. ಬಿಸಿಲು ಸಂಜೆ ಮುಳುಗುತ್ತದೆ, ಗಾಳಿ ನಿಲ್ಲುತ್ತದೆ, ಕಡಲಿನ ಅಂತರ ರಾತ್ರಿಯೂ ಇರುತ್ತದೆ. ಸಣ್ಣ ದ್ವೀಪಗಳು ಹಡಗಿನಲ್ಲಿ ಬರುವ ಡೀಸೆಲ್ ಸುಟ್ಟು ಬದುಕುತ್ತಿವೆ. ಅಲ್ಲಿ ವಿದ್ಯುತ್ತಿನ ದರ ಮೊದಲೇ ಹೆಚ್ಚು, ಫಲಕ ಹಾಸಲು ನೆಲವೂ ಕಡಿಮೆ. ಅಂಥ ಕಡೆ ಓಟೆಕ್ ಸ್ಪರ್ಧಿಸಬೇಕಾದದ್ದು ಡೀಸೆಲ್ ಜೊತೆ. ವಿರೋಧಿಸುವವರು ಇದಕ್ಕೆ ಒಂದೇ ಮಾತು ಸೇರಿಸುತ್ತಾರೆ: ಬ್ಯಾಟರಿ ಅಗ್ಗವಾದಂತೆಲ್ಲ ಈ ರಾತ್ರಿಯ ಅನುಕೂಲ ಕರಗುತ್ತಾ ಬರುತ್ತದೆ. ಹಣದ ಮಟ್ಟಿಗೆ ನೋಡಿದರೆ ಈಗ ವಿರೋಧಿಗಳ ಕೈ ಮೇಲಿದೆ ಎನ್ನಲೇಬೇಕು.

ಮೇಲೆ ಬಂದ ನೀರು ಸುಮ್ಮನೆ ನೀರಲ್ಲ

ಈಗ ಪರಿಸರದ ಪ್ರಶ್ನೆ. ನೂರಾರು ವರ್ಷ ಆಳದಲ್ಲಿದ್ದ ನೀರಿಗೆ ತನ್ನದೇ ಗುಣವಿದೆ. ಮೇಲಿನ ಪದರದಲ್ಲಿ ಬದುಕಿ ಸತ್ತ ಜೀವಿಗಳ ಚೂರುಗಳು ಸದಾ ಕೆಳಗೆ ಉದುರುತ್ತಿರುತ್ತವೆ. ಆಳದ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತವೆ. ಕೊಳೆತಾಗ ಮೂರು ಸಂಗತಿ ಒಟ್ಟಿಗೆ ನಡೆಯುತ್ತವೆ. ನೈಟ್ರೇಟ್, ಫಾಸ್ಫೇಟ್‌ನಂಥ ಪೋಷಕಾಂಶ ನೀರಿಗೆ ಸೇರುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಆಮ್ಲಜನಕ ಕಡಿಮೆಯಾಗುತ್ತದೆ. ಅಲ್ಲಿ ಬೆಳಕಿಲ್ಲದ ಕಾರಣ ಈ ಗೊಬ್ಬರವನ್ನು ಬಳಸುವವರು ಯಾರೂ ಇಲ್ಲ, ಅದು ಹಾಗೇ ಕೂಡುತ್ತಾ ಹೋಗುತ್ತದೆ.

ಉಷ್ಣವಲಯದ ಮೇಲ್ಕಡಲು ಇದಕ್ಕೆ ತದ್ವಿರುದ್ಧ. ಬೆಳಕು ಬೇಕಾದಷ್ಟು, ಗೊಬ್ಬರವೇ ಇಲ್ಲ. ಅಲ್ಲಿನ ನೀರು ಅಷ್ಟು ತಿಳಿ ನೀಲಿಯಾಗಿ ಕಾಣುವುದು ಅದರಲ್ಲಿ ಪಾಚಿ ಕಡಿಮೆ ಇರುವುದರಿಂದ. ಹವಳದ ದಿಬ್ಬಗಳು ಬೆಳೆದಿರುವುದೂ ಇಂಥ ಬಡ ನೀರಿನಲ್ಲೇ.

ಇಂಥ ಕಡೆ ಆಳದ ನೀರನ್ನು ತಂದು ಮೇಲ್ಮೈಯಲ್ಲೇ ಸುರಿದರೆ ಏನಾಗುತ್ತದೆ? ಹೊಲಕ್ಕೆ ಒಮ್ಮೆಲೇ ಗೊಬ್ಬರ ಚೆಲ್ಲಿದಂತೆ. ಸೂಕ್ಷ್ಮ ಪಾಚಿಗಳು ಉಕ್ಕುತ್ತವೆ. ಪಾಚಿ ಹೆಚ್ಚಿದರೆ ಮೀನು ಹೆಚ್ಚಬಹುದು ಎಂದು ಕೆಲವರು ಇದನ್ನೇ ಲಾಭವೆಂದು ತೋರಿಸುತ್ತಾರೆ. ಪೆರು ದೇಶದ ಕರಾವಳಿಯಲ್ಲಿ ಆಳದ ನೀರು ತಾನಾಗಿ ಮೇಲೆ ಬರುವುದರಿಂದಲೇ ಅಲ್ಲಿನ ಮೀನುಗಾರಿಕೆ ಅಷ್ಟು ದೊಡ್ಡದು ಎಂಬುದು ಅವರ ಉದಾಹರಣೆ. ಮಾತು ನಿಜ. ಆದರೆ ಪೆರುವಿನ ಜೀವಜಾಲ ಲಕ್ಷಾಂತರ ವರ್ಷಗಳಿಂದ ಆ ನೀರಿಗೆ ಒಗ್ಗಿಕೊಂಡಿದೆ. ತಿಳಿನೀರಿಗೆ ಒಗ್ಗಿದ ಹವಳದ ದಿಬ್ಬಕ್ಕೆ ಅದೇ ಗೊಬ್ಬರ ಕೊಟ್ಟರೆ ಪಾಚಿ ಹವಳವನ್ನು ಮುಚ್ಚಿಬಿಡುತ್ತದೆ. ಯಾವ ಜಾತಿಯ ಪಾಚಿ ಮೇಲುಗೈ ಸಾಧಿಸುತ್ತದೆ ಎಂಬುದೂ ನಮ್ಮ ಕೈಯಲ್ಲಿಲ್ಲ, ಕೆಲವು ಜಾತಿಗಳು ವಿಷಕಾರಿ. ಉಕ್ಕಿದ ಪಾಚಿ ಸತ್ತು ಕೊಳೆಯುವಾಗ ಇರುವ ಆಮ್ಲಜನಕವೂ ಹೋಗುತ್ತದೆ.

ಇಂಗಾಲದ ವಿಷಯವೂ ಇದರ ಜೊತೆಗೇ ಬರುತ್ತದೆ. ತಣ್ಣೀರು ಮೇಲೆ ಬಂದು ಬೆಚ್ಚಗಾದಾಗ ಅದರಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಹೊರಬೀಳುತ್ತದೆ. ಸೋಡಾ ಬಾಟಲಿ ಬಿಸಿಯಾದರೆ ಗ್ಯಾಸು ಹೋಗುವ ಹಾಗೆ. ಅಷ್ಟೇ ವಿದ್ಯುತ್ ಕೊಡುವ ಕಲ್ಲಿದ್ದಲಿನ ಸ್ಥಾವರಕ್ಕೆ ಹೋಲಿಸಿದರೆ ಇದು ಚಿಕ್ಕ ಪಾಲು. ಆದರೆ ಸೊನ್ನೆಯಲ್ಲ. "ಹೊಗೆಯೇ ಇಲ್ಲ" ಎಂದು ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ.

ಹಾಗಾದರೆ ದಾರಿಯಿಲ್ಲವೇ? ಇದೆ. ನೀರನ್ನು ಮೇಲ್ಮೈಯಲ್ಲಿ ಬಿಡದೆ ಇನ್ನೊಂದು ಪೈಪಿನಿಂದ ಕೆಳಗೆ ಬಿಡುವುದು. ಸ್ಥಾವರದಿಂದ ಹೊರಬರುವ ನೀರು ಸುತ್ತಲಿನ ಮೇಲ್ಕಡಲಿಗಿಂತ ತಣ್ಣಗೆ, ಆದ್ದರಿಂದ ಭಾರ. ಬಿಟ್ಟ ಜಾಗದಿಂದ ತಾನಾಗಿಯೇ ಇಳಿಯುತ್ತದೆ, ತನ್ನಷ್ಟೇ ಭಾರದ ನೀರು ಸಿಗುವ ಪದರದಲ್ಲಿ ನಿಂತು ಪಕ್ಕಕ್ಕೆ ಹರಡುತ್ತದೆ. ಆ ಪದರ ಬೆಳಕು ತಲುಪದಷ್ಟು ಕೆಳಗಿದ್ದರೆ ಗೊಬ್ಬರ ಇದ್ದೂ ಪಾಚಿ ಬೆಳೆಯುವುದಿಲ್ಲ. ಹವಾಯಿ ಸುತ್ತಲಿನ ಕಡಲಿಗೆಂದು ಮಾಡಿದ ಕಂಪ್ಯೂಟರ್ ಲೆಕ್ಕಗಳಲ್ಲಿ, 100 ಮೆಗಾವ್ಯಾಟಿನ ಸ್ಥಾವರ 70 ಮೀಟರ್ ಅಥವಾ ಅದಕ್ಕೂ ಕೆಳಗೆ ನೀರು ಬಿಟ್ಟಾಗ ಪಾಚಿಯ ಏರಿಕೆ ಕಡಲಿನ ಸಹಜ ಏರಿಳಿತದ ಒಳಗೇ ಉಳಿಯಿತು.

ಇದಕ್ಕೂ ಬೆಲೆ ಇದೆ. ಇನ್ನೊಂದು ದೊಡ್ಡ ಪೈಪು, ಇನ್ನಷ್ಟು ಪಂಪಿನ ಖರ್ಚು. ಮೊದಲೇ ತೆಳುವಾದ ಲಾಭ ಮತ್ತೂ ತೆಳುವಾಗುತ್ತದೆ. ಎಷ್ಟು ಕೆಳಗೆ ಬಿಡಬೇಕು ಎಂಬ ಪ್ರಶ್ನೆಗೆ ಜೀವವಿಜ್ಞಾನಿಯ ಉತ್ತರ ಒಂದು, ಹಣ ಹಾಕುವವರ ಉತ್ತರ ಇನ್ನೊಂದು. ಯೋಜನೆಯೊಂದರ ಪರಿಸರದ ಗುಣ ತೀರ್ಮಾನವಾಗುವುದು ಈ ಒಂದು ಅಂಕಿಯಲ್ಲಿ. ಸುದ್ದಿಗಳಲ್ಲಿ ಕಾಣದಿರುವುದೂ ಇದೇ ಅಂಕಿ.

ಮರಿಮೀನು, ಕ್ಲೋರಿನ್, ಅಮೋನಿಯಾ

ಬೇರೆ ಹಾನಿಗಳೂ ಇವೆ, ಆದರೆ ಎಲ್ಲವೂ ಒಂದೇ ತೂಕದವಲ್ಲ.

ಗಂಭೀರವಾಗಿ ನೋಡಬೇಕಾದದ್ದು ಬೆಚ್ಚನೆಯ ನೀರನ್ನು ಎಳೆದುಕೊಳ್ಳುವ ಬಾಯಿ. ಮೀನಿನ ಮೊಟ್ಟೆ, ಮರಿ, ಸೂಕ್ಷ್ಮ ಜೀವಿಗಳು ಹೆಚ್ಚಾಗಿ ಇರುವುದೇ ಮೇಲಿನ ಪದರದಲ್ಲಿ. ಜಾಲರಿ ಹಾಕಿ ದೊಡ್ಡ ಮೀನನ್ನು ತಡೆಯಬಹುದು, ಮೊಟ್ಟೆಯನ್ನು ತಡೆಯಲಾಗದು. ಅವು ನೀರಿನ ಜೊತೆ ಪಂಪು, ಕೊಳವೆಗಳ ಮೂಲಕ ಹಾದು, ಒಮ್ಮೆಲೇ ತಣ್ಣಗಾಗಿ, ಬೇರೆ ಆಳಕ್ಕೆ ಬೀಳುತ್ತವೆ. ಸೆಕೆಂಡಿಗೆ ಲಕ್ಷಗಟ್ಟಲೆ ಲೀಟರ್ ಎಂಬ ಅಂಕಿ ಇಲ್ಲಿ ಮತ್ತೆ ಎದುರಾಗುತ್ತದೆ. ತೇಲುವ ಯಾವ ವಸ್ತುವಿನ ಸುತ್ತಲೂ ಮೀನು ಸೇರುವುದು ಸಹಜ. ಅಂದರೆ ಸ್ಥಾವರವೇ ಮೀನನ್ನು ಕರೆದು, ಅದರ ಮರಿಗಳನ್ನು ನುಂಗಿದಂತೆ. ಬಾಯಿಯನ್ನು ಅಗಲ ಮಾಡಿ ನೀರು ನಿಧಾನಕ್ಕೆ ಬರುವಂತೆ ಮಾಡುವುದು ಸ್ವಲ್ಪ ಸಹಾಯ ಮಾಡುತ್ತದೆ.

ಕೊಳವೆಗಳಲ್ಲಿ ಲೋಳೆ, ಚಿಪ್ಪು ಕಟ್ಟದಿರಲೆಂದು ಬೆಚ್ಚನೆಯ ನೀರಿಗೆ ಒಂದಿಷ್ಟು ಕ್ಲೋರಿನ್ ಹಾಕುತ್ತಾರೆ. ಪ್ರಮಾಣ ಕಡಿಮೆ, ದಿನದಲ್ಲಿ ಸ್ವಲ್ಪ ಹೊತ್ತು ಸಾಕು. ಅಮೋನಿಯಾ ಸೋರಿದರೆ ಹತ್ತಿರದ ಜಲಚರಕ್ಕೂ ಅಲ್ಲಿ ಕೆಲಸ ಮಾಡುವವರಿಗೂ ಅಪಾಯ. ಆದರೆ ದೊಡ್ಡ ಶೈತ್ಯಾಗಾರಗಳು, ಗೊಬ್ಬರದ ಕಾರ್ಖಾನೆಗಳು ಇದೇ ಅಮೋನಿಯಾವನ್ನು ದಶಕಗಳಿಂದ ನಿಭಾಯಿಸುತ್ತಿವೆ. ಅದರ ಬದಲು ಫ್ಲೋರಿನ್ ಇರುವ ಅನಿಲ ಬಳಸಿದರೆ ವಿಷದ ಭಯ ಕಡಿಮೆ, ಆದರೆ ಅಂಥ ಹಲವು ಅನಿಲಗಳಲ್ಲಿ ಸೋರಿದ ಪ್ರತಿ ಕಿಲೋ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ನೂರಾರು ಪಟ್ಟು ಜೋರು. ಪೈಪು ದಡ ಸೇರುವ ಜಾಗದಲ್ಲಿ ಹವಳ ಒಡೆಯುವುದು, ರಾತ್ರಿಯ ಬೆಳಕು, ಪಂಪಿನ ಸದ್ದು, ಇವು ಕಡಲಿನ ಯಾವುದೇ ನಿರ್ಮಾಣಕ್ಕೂ ಇರುವ ತೊಂದರೆಗಳು.

ಸಾವಿರಾರು ಸ್ಥಾವರಗಳಾದರೆ

ಇನ್ನು ಹೆದರಿಸುವ ಸುದ್ದಿಯ ಕಡೆ ಬರೋಣ. ಕಡಲಿನಿಂದ ಒಟ್ಟು ಎಷ್ಟು ತೆಗೆಯಬಹುದು? ಹವಾಯಿ ವಿಶ್ವವಿದ್ಯಾಲಯದ ಜೆರಾರ್ಡ್ ನಿಹೂಸ್ ಮತ್ತು ಜೊತೆಗಾರರು 2013ರಲ್ಲಿ ಮಾಡಿದ ಲೆಕ್ಕದಲ್ಲಿ ಗರಿಷ್ಠ ಸುಮಾರು 30 ಟೆರಾವ್ಯಾಟ್ ಬಂತು (ಒಂದು ಟೆರಾವ್ಯಾಟ್ ಎಂದರೆ ಹತ್ತು ಲಕ್ಷ ಮೆಗಾವ್ಯಾಟ್). ಕಡಲಿನ ತಾಪಮಾನವನ್ನು ಹೆಚ್ಚು ಬದಲಿಸದೆ ತೆಗೆಯಬಹುದಾದದ್ದು 7 ಟೆರಾವ್ಯಾಟ್. ಜಗತ್ತಿನ ಇಂದಿನ ವಿದ್ಯುತ್ ಉತ್ಪಾದನೆಯ ಸರಾಸರಿ 3ರಿಂದ 4 ಟೆರಾವ್ಯಾಟ್. ಅಂದರೆ ಕಾಗದದ ಮೇಲೆ ಬೇಕಾದಷ್ಟಿದೆ.

ಗರಿಷ್ಠ ಎಂಬುದೊಂದು ಯಾಕಿದೆ ಎನ್ನುವುದು ಕುತೂಹಲದ ವಿಷಯ. ಸ್ಥಾವರಗಳು ಹೆಚ್ಚಾದಂತೆ ಮೇಲಿನ ನೀರು ತಣ್ಣಗಾಗುತ್ತದೆ, ಕೆಳಗಿನದು ಬೆಚ್ಚಗಾಗುತ್ತದೆ. ಬೇಕಾದ ಅಂತರವೇ ಕುಗ್ಗುತ್ತದೆ. ಕೂತ ಕೊಂಬೆಯನ್ನೇ ಕಡಿದ ಹಾಗೆ. ಒಂದು ಮಿತಿ ದಾಟಿದ ಮೇಲೆ ಹೊಸ ಸ್ಥಾವರ ಕಟ್ಟಿದರೆ ಒಟ್ಟು ವಿದ್ಯುತ್ ಕಡಿಮೆಯಾಗುತ್ತದೆ.

ಮೇಲ್ಕಡಲು ತಣ್ಣಗಾದರೆ ಒಳ್ಳೆಯದೇ ಅಲ್ವಾ? ಚಂಡಮಾರುತ ಕಡಿಮೆಯಾಗುತ್ತದೆ, ಬಿಸಿ ತಗ್ಗುತ್ತದೆ ಎಂದು ಹೇಳುವವರಿದ್ದಾರೆ. ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಆ ಶಾಖ ಭೂಮಿ ಬಿಟ್ಟು ಹೋಗುವುದಿಲ್ಲ. ನೂರರಲ್ಲಿ ತೊಂಬತ್ತೇಳು ಪಾಲು ಕೆಳಗಿನ ನೀರಿಗೆ ಸೇರುತ್ತದೆ. ವಿದ್ಯುತ್ತಾದ ಮೂರು ಪಾಲೂ ಬಳಸಿದ ಕಡೆ ಶಾಖವೇ ಆಗುತ್ತದೆ. ಕೋಣೆಯ ಕಸವನ್ನು ಮಂಚದ ಕೆಳಗೆ ತಳ್ಳಿದರೆ ನೆಲ ಚೊಕ್ಕವಾಗಿ ಕಾಣುತ್ತದೆ, ಕಸ ಮನೆಯಲ್ಲೇ ಇರುತ್ತದೆ.

ಅದರ ಮುಂದಿನ ಹೆಜ್ಜೆ ಇನ್ನೂ ವಿಚಿತ್ರ. ತಣ್ಣಗಿನ ಮೇಲ್ಮೈ ಬಾಹ್ಯಾಕಾಶಕ್ಕೆ ಬಿಡುವ ಶಾಖ ಕಡಿಮೆ. ಸೂರ್ಯನಿಂದ ಬರುವುದು ಬರುತ್ತಲೇ ಇರುತ್ತದೆ, ಹೋಗುವುದು ಕಡಿಮೆಯಾಗುತ್ತದೆ, ಹಾಗಾಗಿ ಒಟ್ಟು ಭೂಮಿಯಲ್ಲಿ ಶಾಖ ಕೂಡುತ್ತದೆ. 2015ರಲ್ಲಿ ಹವಾಮಾನ ವಿಜ್ಞಾನಿ ಕೆನ್ ಕಾಲ್ಡೇರಾ ಮತ್ತು ಸಹೋದ್ಯೋಗಿಗಳು ಕಂಪ್ಯೂಟರ್ ಮಾದರಿಯಲ್ಲಿ ಮೇಲ್ಕಡಲಿನ ಪದರಗಳನ್ನು ವಿಪರೀತವಾಗಿ ಕದಡಿ ನೋಡಿದರು. ಮೊದಮೊದಲು ಭೂಮಿ ತಂಪಾಯಿತು. ಆದರೆ ಕಡಲಿನ ಮೇಲಿನ ಮೋಡ ಮತ್ತು ಹಿಮ ಕಡಿಮೆಯಾಗಿ, ಒಂದು ಶತಮಾನದೊಳಗೆ, ಏನೂ ಮಾಡದಿದ್ದರೆ ಇರುತ್ತಿದ್ದುದಕ್ಕಿಂತ ಹೆಚ್ಚು ಬಿಸಿಯಾಯಿತು. ಸಾಗರ ವಿಜ್ಞಾನಿ ಆಂಡ್ರಿಯಾಸ್ ಓಶ್ಲೀಸ್ ತಂಡದ 2010ರ ಅಧ್ಯಯನ ಇನ್ನೊಂದು ತೊಡಕು ತೋರಿಸಿತು. ಆಳದ ನೀರನ್ನು ದೊಡ್ಡ ಪ್ರಮಾಣದಲ್ಲಿ ಎತ್ತುತ್ತಿದ್ದು ಒಮ್ಮೆ ನಿಲ್ಲಿಸಿದರೆ, ಬಚ್ಚಿಟ್ಟ ಶಾಖ ಹೊರಬಂದು ತಾಪಮಾನ ಮೊದಲಿಗಿಂತ ಮೇಲೇರುತ್ತದೆ. ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಿಸುವ ಹಾಗಿಲ್ಲ.

ಈ ಎರಡೂ ಅಧ್ಯಯನ ನೋಡಿದ್ದು ಇಡೀ ಜಗತ್ತಿನ ಕಡಲನ್ನು ಬದಲಿಸುವ ಪ್ರಮಾಣವನ್ನು. ಒಂದು ದ್ವೀಪದ 10 ಮೆಗಾವ್ಯಾಟಿಗೆ ಇವನ್ನು ಅಂಟಿಸಿ ಹೆದರುವುದು ಸರಿಯಲ್ಲ. ಅದೇ ರೀತಿ, ಒಂದು ದ್ವೀಪದಲ್ಲಿ ಏನೂ ಆಗಲಿಲ್ಲ ಎಂಬುದನ್ನು ತೋರಿಸಿ ಇಡೀ ಜಗತ್ತಿಗೆ ಇದೇ ಪರಿಹಾರ ಎನ್ನುವುದೂ ಸರಿಯಲ್ಲ. ಇಂದು ಎಲ್ಲ ದೇಶಗಳ ಪ್ರಯೋಗ ಸೇರಿದರೂ ಕೆಲವು ಮೆಗಾವ್ಯಾಟ್ ಕೂಡ ಆಗುವುದಿಲ್ಲ. 7 ಟೆರಾವ್ಯಾಟ್ ಎಂದರೆ 70 ಲಕ್ಷ ಮೆಗಾವ್ಯಾಟ್. ಭಯಪಡುವ ಹಂತ ಬಹಳ ದೂರವಿದೆ.

ತಣ್ಣೀರೇ ಸರಕಾದರೆ

ಕುಮೆಜಿಮಾದಲ್ಲಿ ವಿದ್ಯುತ್ತಿಗಿಂತ ತಣ್ಣೀರೇ ಹೆಚ್ಚು ದುಡಿಯುತ್ತಿದೆ. 600 ಮೀಟರ್ ಆಳದಿಂದ ಬಂದ ನೀರು ಸಿಗಡಿ ಸಾಕಣೆಗೆ, ಸಮುದ್ರದ ಸೊಪ್ಪಿಗೆ, ಸೌಂದರ್ಯವರ್ಧಕಗಳಿಗೆ ಹೋಗುತ್ತದೆ. ಅದರಲ್ಲಿ ರೋಗಾಣು ಕಡಿಮೆ, ಗೊಬ್ಬರ ಜಾಸ್ತಿ. ಮಣ್ಣಿನ ಕೆಳಗೆ ಕೊಳವೆ ಹಾಯಿಸಿ, ಬಿಸಿ ಪ್ರದೇಶದಲ್ಲೂ ಪಾಲಕ್ ಬೆಳೆಯುತ್ತಾರೆ. ಬೋರಾ ಬೋರಾ ದ್ವೀಪದ ಹೋಟೆಲೊಂದು 2006ರಿಂದ ಆಳದ ನೀರಿನಿಂದಲೇ ಎಸಿ ನಡೆಸುತ್ತಿದೆ. ಟೊರೊಂಟೊ ನಗರ ಇದನ್ನೇ ಸರೋವರದ ತಣ್ಣೀರಿನಿಂದ 2004ರಿಂದ ಮಾಡುತ್ತಿದೆ.

ಇದರಲ್ಲಿ ಒಂದು ಸರಳ ಗಣಿತವಿದೆ. ತಣ್ಣೀರಿನಿಂದ ವಿದ್ಯುತ್ ಮಾಡಿ, ಆ ವಿದ್ಯುತ್ತಿನಿಂದ ಎಸಿ ಓಡಿಸಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ವ್ಯರ್ಥ. ತಣ್ಣೀರನ್ನೇ ನೇರವಾಗಿ ತಂಪಿಗೆ ಬಳಸಿದರೆ ಬಹುಪಾಲು ಕೆಲಸಕ್ಕೆ ಬರುತ್ತದೆ. ಪೈಪಿನ ಖರ್ಚನ್ನು ವಿದ್ಯುತ್ತು, ಕುಡಿಯುವ ನೀರು, ತಂಪು, ಸಾಕಣೆ ಇವೆಲ್ಲ ಹಂಚಿಕೊಂಡಾಗ ಸಣ್ಣ ಸ್ಥಾವರವೂ ಉಸಿರಾಡಬಲ್ಲದು. ಆದರೆ ಉಪಯೋಗ ಹೆಚ್ಚಿದಷ್ಟೂ ನೀರು ಹೊರಬೀಳುವ ಬಾಯಿಗಳೂ ಹೆಚ್ಚು. ಸಿಗಡಿ ಕೊಳದಿಂದ ಬಂದದ್ದು, ಎಸಿಯಿಂದ ಬಂದದ್ದು, ಎಲ್ಲವೂ ದಡದ ಹತ್ತಿರ ಕಡಲಿಗೆ ಬಿದ್ದರೆ, ಆಳದಲ್ಲಿ ಬಿಡಬೇಕೆಂಬ ಎಚ್ಚರಿಕೆ ಅರ್ಥ ಕಳೆದುಕೊಳ್ಳುತ್ತದೆ.

ನಿಯಮ ಯಾರದ್ದು?

ಮುಂದಿನ ಸುದ್ದಿ ಬಂದಾಗ ಕೇಳಬೇಕಾದ ಪ್ರಶ್ನೆಗಳು ಈಗ ಸುಲಭ. ಹೇಳಿದ ಕಿಲೋವ್ಯಾಟ್ ಪಂಪಿನ ಖರ್ಚು ಕಳೆದ ಮೇಲಿನದೇ, ಕಳೆಯುವ ಮೊದಲಿನದೇ? ನೀರನ್ನು ಎಷ್ಟು ಆಳದಲ್ಲಿ ಬಿಡುತ್ತಾರೆ? ಪೈಪು ಇಳಿಸುವ ಮುಂಚೆ ಅಲ್ಲಿನ ಪಾಚಿ, ಮರಿಮೀನು, ಆಮ್ಲಜನಕವನ್ನು ಎಷ್ಟು ವರ್ಷ ಅಳೆದಿದ್ದಾರೆ?

ಈ ಉತ್ತರಗಳನ್ನು ಕಡ್ಡಾಯ ಮಾಡಬೇಕಾದವರು ಯಾರು ಎನ್ನುವುದು ಇನ್ನೂ ಗಟ್ಟಿಯಾಗಿಲ್ಲ. ದೇಶವೊಂದರ ಕಡಲಿನೊಳಗೆ ಆ ದೇಶದ ಕಾನೂನು ಇದೆ. ಅದರಾಚೆಯ ಮುಕ್ತ ಸಮುದ್ರಕ್ಕೆ 2023ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿತವಾದ ಒಪ್ಪಂದ, ಹಾನಿ ಮಾಡಬಹುದಾದ ಕೆಲಸಕ್ಕೆ ಮೊದಲು ಪರಿಸರದ ಪರಿಣಾಮವನ್ನು ಅಧ್ಯಯನ ಮಾಡಬೇಕು ಎನ್ನುತ್ತದೆ. ಅಮೆರಿಕ ಮಾತ್ರ ಬಹಳ ಮುಂಚೆ ಎದ್ದಿತ್ತು. 1980ರಲ್ಲೇ ಓಟೆಕ್‌ಗೆಂದು ಬೇರೆ ಕಾಯ್ದೆ ತಂದು, ಮರುವರ್ಷ ಪರವಾನಗಿಯ ನಿಯಮಗಳನ್ನೂ ಬರೆಯಿತು. ಹದಿನೈದು ವರ್ಷ ಕಾದರೂ ಒಂದು ಅರ್ಜಿಯೂ ಬರಲಿಲ್ಲ. 1996ರಲ್ಲಿ ಆ ನಿಯಮಗಳನ್ನು ವಾಪಸು ತೆಗೆದುಕೊಂಡಿತು. ಈಗ ಅರ್ಜಿ ಹಾಕುವ ಉಮೇದು ಹಲವು ಕಡೆ ಕಾಣುತ್ತಿದೆ, ಹಾಕಲು ನಿಯಮದ ಪುಸ್ತಕವೇ ಮತ್ತೆ ಬರೆಯಬೇಕಾಗಿದೆ.